ಮಾಗಿಯಲ್ಲಿ ಮನೆ ಬದಲಿಸುವವರು

ಸೂರ್ಯನು ಧನುರಾಶಿಯನ್ನು ದಾಟಿ ಮಕರವನ್ನು ಪ್ರವೇಶಿಸುವವರೆಗೆ ಹೊಸ ಮನೆಯ ಹೊಸ್ತಿಲನ್ನು ತುಳಿಯಬಾರದೆಂಬ ನಂಬಿಕೆಯು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಆ ದಿನಗಳಲ್ಲಿ ದೇವಾಲಯಗಳಲ್ಲಿ ಅರುಣೋದಯಕ್ಕೆ ಮೊದಲೇ ಪೂಜೆ ನಡೆದು ಹುಗ್ಗಿಯ ನೈವೇದ್ಯವಾಗುವುದೇ ಹೊರತು, ಮದುವೆ, ಗೃಹಪ್ರವೇಶಗಳಂತಹ ಶುಭಕಾರ್ಯಗಳಿಗೆ ಮುಹೂರ್ತವನ್ನು ಯಾರೂ ಇಡಿಸುವುದಿಲ್ಲ. ಆದರೂ ಬೆಂಗಳೂರಿನಲ್ಲಿ, ಇಬ್ಬನಿ ಇನ್ನೂ ಕರಗದ ಅದೇ ಮುಂಜಾವಿನಲ್ಲಿ, ಮಂಚ, ಬೀರು, ಹಾಸಿಗೆಯ ಸುರುಳಿ, ಗ್ಯಾಸ್ ಸಿಲಿಂಡರುಗಳನ್ನು ಹಗ್ಗದಿಂದ ಬಿಗಿದುಕೊಂಡ ಟೆಂಪೋಗಳು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಮುಹೂರ್ತವಿಲ್ಲದ ಮಾಸದಲ್ಲಿ ಮನೆ ಬದಲಿಸುವ ಈ ಜನರು ಆಚಾರವನ್ನು ಅರಿಯದವರಲ್ಲ, ತಿರಸ್ಕರಿಸಿದವರೂ ಅಲ್ಲ. ಜನವರಿ ಒಂದರಂದು ಹೊಸ ಕೆಲಸಕ್ಕೆ ಸೇರಬೇಕಾದವರು, ವರ್ಗವಾಗಿ ಬಂದವರು, ಕರಾರಿನ ಅವಧಿ ಮುಗಿಯಿತು, ಮನೆ ಖಾಲಿ ಮಾಡಿಕೊಡಿ ಎಂದು ಮಾಲೀಕರಿಂದ ಹೇಳಿಸಿಕೊಂಡವರು, ಒಟ್ಟಿನಲ್ಲಿ ಕಾಲವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿಲ್ಲದವರು. ಅವರಲ್ಲಿ ಕೈಲಾದ ಕೆಲವರು ಧನುರ್ಮಾಸಕ್ಕೆ ಮುಂಚೆಯೇ ಒಳ್ಳೆಯ ದಿನ ನೋಡಿ, ಬರಿದಾದ ಮನೆಯಲ್ಲಿ ದೇವರ ಪಟವನ್ನಿಟ್ಟು ಹಾಲುಕ್ಕಿಸಿ ಬೀಗ ಹಾಕಿ ಬಂದು, ಎರಡು ಮನೆಗಳ ಬಾಡಿಗೆಯನ್ನು ಒಟ್ಟಿಗೆ ತೆರುವರು. ಉಳಿದವರು ದೇವರ ಮೇಲೆ ಭಾರ ಹಾಕಿ ಹೊಸ್ತಿಲು ದಾಟುವರು.

ಮುಹೂರ್ತದ ಕೊರತೆಗೆ ಮನಸ್ಸು ಹೇಗೋ ಸಮಾಧಾನವನ್ನು ಹುಡುಕಿಕೊಳ್ಳಬಲ್ಲುದು. ಆದರೆ ಅಷ್ಟು ಸುಲಭವಾಗಿ ಸಮಾಧಾನಕ್ಕೆ ಒಳಗಾಗದ ಬಾಧೆಯೊಂದುಂಟು. ಹೊರಗಿನಿಂದ ಬಂದವರ ದುಡಿಮೆಯಿಂದಲೇ ಬೆಳೆದು, ಆ ದುಡಿಮೆಯಿಂದಲೇ ಸಂಪತ್ತನ್ನೂ ಕೀರ್ತಿಯನ್ನೂ ಗಳಿಸಿದ ಈ ಮಹಾನಗರದಲ್ಲಿ, ಬಾಡಿಗೆಯ ಮನೆಯೊಂದನ್ನು ಪ್ರವೇಶಿಸುವುದು ಇಂದಿಗೂ ಹಕ್ಕಿನ ವಿಷಯವಾಗಿಲ್ಲ. ಮಾಲೀಕರ ಅನುಗ್ರಹದ ವಿಷಯವಾಗಿಯೇ ಉಳಿದಿದೆ. ಇದನ್ನು ಸರಿಪಡಿಸುವ ಅಧಿಕಾರವು ನಮ್ಮ ಶಾಸನಸಭೆಗೆ ಉಂಟು, ಸರಿಪಡಿಸಬೇಕಾದ ಕಾಲವೂ ಮೀರುತ್ತಿದೆ ಎಂಬುದನ್ನು ಓದುಗರ ಮುಂದೆ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿಗೆ ಮನೆ ಬದಲಿಸುವವರು ಹೊಸಬರಲ್ಲ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಬರಿದುಮಾಡಿದಾಗ ಜನರು ಗಂಟುಮೂಟೆಗಳೊಡನೆ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ನಡೆದರು. 1940ರಲ್ಲಿ ವಿಮಾನ ಕಾರ್ಖಾನೆಯೂ, ಸ್ವಾತಂತ್ರ್ಯಾನಂತರ ಟೆಲಿಫೋನ್, ಗಡಿಯಾರ ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳೂ ಒಂದರ ಹಿಂದೊಂದು ತಲೆಯೆತ್ತಿದಾಗ ದೇಶದ ನಾನಾ ಭಾಗಗಳಿಂದ ಕೆಲಸಗಾರರು ಬಂದರು. ಆಮೇಲಿನ ಸಾಫ್ಟ್‌ವೇರ್ ಯುಗವನ್ನಂತೂ ಹೇಳಲೇಬೇಕಿಲ್ಲ. ಹೀಗೆ ಬಂದವರಲ್ಲಿ ಅನೇಕರನ್ನು ಮೊದಲು ಬರಮಾಡಿಕೊಂಡದ್ದು ವಠಾರ. ನಡುವೆ ಒಂದು ನಲ್ಲಿ, ಸುತ್ತಲೂ ಒಂದೆರಡು ಕೋಣೆಗಳ ಮನೆಗಳು, ಮುಂಭಾಗದಲ್ಲಿ ಮಾಲೀಕರ ವಾಸ್ತವ್ಯ. ಅಲ್ಲಿ ನೀರಿಗಾಗಿ ಜಗಳವಿತ್ತು, ಏಕಾಂತವಿರಲಿಲ್ಲ, ಜಾತಿಯ ವಿಚಾರಣೆಯೂ ಇತ್ತು. ಅದನ್ನು ಸುವರ್ಣಯುಗವೆಂದು ಕರೆಯುವುದು ಸತ್ಯಕ್ಕೆ ದೂರ. ಆದರೆ ಸೂರು ಸೋರಿದರೆ ಯಾರಿಗೆ ಹೇಳಬೇಕೆಂಬುದು ಬಾಡಿಗೆಯವರಿಗೆ ತಿಳಿದಿತ್ತು, ಸೋರುವುದನ್ನು ಮಾಲೀಕರೂ ಕಣ್ಣಾರೆ ಕಾಣುತ್ತಿದ್ದರು. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಮನೆಯ ಒಡೆತನ ಒಬ್ಬರದು, ಅವರಿರುವುದು ಪುಣೆಯಲ್ಲೋ ಅಮೆರಿಕದಲ್ಲೋ. ಕೀಲಿಕೈ ಬ್ರೋಕರನದು, ಗೇಟು ಸಂಘದ್ದು, ದೂರು ಮಾತ್ರ ಬಾಡಿಗೆದಾರನದು.

ಮನೆಯ ಗುಣಾವಗುಣಗಳನ್ನು ತಿಳಿಯಲು ಮಾಗಿಗಿಂತ ತಕ್ಕ ಕಾಲವಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿಗೆ ಇಳಿದದ್ದುಂಟು. ಈಗಿನ ಮಾಗಿ ಅಷ್ಟು ತೀಕ್ಷ್ಣವಲ್ಲದಿದ್ದರೂ, ಬಿಸಿಲು ಸೋಕದ ಕಾಂಕ್ರೀಟಿನ ಕೋಣೆ ವೃದ್ಧರ ಕೀಲುಗಳಿಗೂ ಶಿಶುಗಳ ಎದೆಗೂ ಹಿತವಾದುದಲ್ಲ. ಈ ದಿನಗಳಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿ ಸಂಚರಿಸುವುದರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಬಾಗಿಲು ಯಾವ ದಿಕ್ಕಿಗಿದೆಯೆಂದು ಹತ್ತು ಸಲ ವಿಚಾರಿಸುವ ನಾವು, ಅಜ್ಜಿ ಮಲಗುವ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆಯೆಂದು ಒಮ್ಮೆಯೂ ಕೇಳುವುದಿಲ್ಲ. ಅಕ್ಟೋಬರ್, ನವೆಂಬರುಗಳ ಹಿಂಗಾರು ಗೋಡೆಯೊಳಗೆ ಇಳಿಸಿದ ನೀರು ಮಾಗಿಯ ಒಣಗಾಳಿಗೆ ಹೊರಬರತೊಡಗುವುದೂ ಈ ಹೊತ್ತಿನಲ್ಲಿಯೇ. ಬೀರುವನ್ನು ಒಂದಡಿ ಸರಿಸಿ ಅದರ ಹಿಂದಿನ ಗೋಡೆಯ ಮೇಲೆ ಅಂಗೈಯಿಟ್ಟು ನೋಡಿದರೆ, ಹೊಸದಾಗಿ ಬಳಿದ ಬಣ್ಣದಡಿಯಲ್ಲಿ ಬೊಬ್ಬೆಗಳು ಸಿಕ್ಕುವುವು. ಉಗುರಿನಿಂದ ಕೆರೆದರೆ ಬಣ್ಣದ ಹಪ್ಪಳೆ ಕಳಚಿ, ಒಳಗಿನಿಂದ ಉಪ್ಪಿನಂಥ ಬಿಳಿಯ ಪುಡಿ ಉದುರುವುದು. ಬಚ್ಚಲಿನ ಗೀಸರನ್ನು ಬಿಚ್ಚಿಸಿದರೆ ಬೋರ್‌ವೆಲ್ಲಿನ ಗಡಸುನೀರು ಅದರ ಸುರುಳಿಯ ಮೇಲೆ ಕಟ್ಟಿದ ಸುಣ್ಣದ ಗಟ್ಟಿ ಕವಚ ಕಾಣುವುದು. ಇವೆಲ್ಲವೂ ಹಿಂದಿನಿಂದ ಬಂದ ದೋಷಗಳು. ಆದರೆ ಮನೆ ಹಿಡಿಯುವ ದಿನ ಇವುಗಳ ಪಟ್ಟಿಯನ್ನು ಯಾರೂ ಬರೆಯದ ಕಾರಣ, ಮನೆ ಬಿಡುವ ದಿನ ಇವು ಬಾಡಿಗೆದಾರನ ಲೆಕ್ಕಕ್ಕೆ ಸೇರುವುವು.

ಆ ಲೆಕ್ಕವೆಲ್ಲವೂ ಮುರಿದುಕೊಳ್ಳುವುದು ಅಡ್ವಾನ್ಸಿನಲ್ಲಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಇತ್ತೀಚೆಗೆ ಕೆಲವೆಡೆ ಅದು ಐದಾರು ತಿಂಗಳಿಗೆ ಇಳಿದಿದ್ದರೂ ರೂಢಿಯ ಬೇರು ಅಲುಗಿಲ್ಲ. ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆಯೆಂದರೆ ಎರಡೂವರೆ ಲಕ್ಷ. ಬಡ್ಡಿಯಿಲ್ಲದೆ ಮಾಲೀಕರ ಬಳಿಯಿರುವ ಈ ಮೊತ್ತಕ್ಕೆ ವರ್ಷಕ್ಕೆ ನೂರಕ್ಕೆ ಆರರಂತೆ ಲೆಕ್ಕ ಹಾಕಿದರೂ 15,000 ರೂಪಾಯಿ ನಷ್ಟ. ಬಿಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವ ವಾಡಿಕೆಯಿಂದ ಇನ್ನು 25,000 ಹೋಗುವುದು. ಇದಕ್ಕಿಂತಲೂ ಕಠಿನವಾದ ಮಾತು ಬೇರೆಯುಂಟು. ಹೊಸ ಮನೆಯ ಅಡ್ವಾನ್ಸನ್ನು ಕೀಲಿಕೈ ಪಡೆಯುವ ಮೊದಲೇ ಕೊಡಬೇಕು. ಹಳೆಯ ಮನೆಯ ಅಡ್ವಾನ್ಸು ಕೀಲಿಕೈಯನ್ನು ಒಪ್ಪಿಸಿದ ಮೇಲೆ, ಅನೇಕ ವೇಳೆ ಮುಂದಿನ ಬಾಡಿಗೆದಾರನು ಹಣ ತಂದ ಮೇಲೆ ಬರುವುದು. ಈ ಎರಡು ದಿನಗಳ ನಡುವೆ ಮಧ್ಯಮವರ್ಗದ ಒಂದು ಸಂಸಾರವು ಎರಡು ಅಡ್ವಾನ್ಸುಗಳನ್ನು ಏಕಕಾಲದಲ್ಲಿ ಹೊರಬೇಕು. ಧನುರ್ಮಾಸದಲ್ಲಿ ಮನೆ ಹಿಡಿಯುವವರೇ ವಿರಳವಾದುದರಿಂದ ಬಿಟ್ಟ ಮನೆಗೆ ಹೊಸಬರು ಬರುವುದು ತಡವಾಗಿ, ಹಿಂದಿರುಗಬೇಕಾದ ಹಣವೂ ತಡವಾಗುವುದು. ಬಂಗಾರವನ್ನು ಅಡವಿಟ್ಟು, ಬಂಧುಗಳಲ್ಲಿ ಕೈಗಡ ಬೇಡಿ, ಮಕ್ಕಳ ಶಾಲೆಯ ಶುಲ್ಕಕ್ಕೆಂದು ಕೂಡಿಟ್ಟುದನ್ನು ತೆಗೆದು ಈ ಅಂತರವನ್ನು ದಾಟುವವರ ಮನೋವ್ಯಥೆಯು ಯಾವ ಕರಾರು ಪತ್ರದಲ್ಲಿಯೂ ಬರೆಯಲ್ಪಡುವುದಿಲ್ಲ.

ಕರಾರು ಪತ್ರದ ಸಂಗತಿಯನ್ನೂ ಹೇಳಬೇಕು. ಒಂದು ವರ್ಷಕ್ಕೆ ಮೀರಿದ ಗೇಣಿಯ ಪತ್ರಗಳನ್ನು ನೋಂದಾಯಿಸತಕ್ಕದ್ದೆಂದು 1908ರ ನೋಂದಣಿ ಅಧಿನಿಯಮದ 17ನೆಯ ಪ್ರಕರಣ ವಿಧಿಸುವುದರಿಂದ, ಅದರ ಖರ್ಚನ್ನೂ ಶ್ರಮವನ್ನೂ ತಪ್ಪಿಸಿಕೊಳ್ಳಲು ದೇಶದ ಎಲ್ಲೆಡೆ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿತು. ಪರಿಣಾಮವಾಗಿ, ಹತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವನೂ ಕಾಗದದ ಮೇಲೆ ಎಂದೂ ಒಂದು ವರ್ಷದ ನಿವಾಸಿಯಾಗುವುದಿಲ್ಲ. ಇನ್ನು ಬಾಡಿಗೆದಾರರ ರಕ್ಷಣೆಗೆಂದು ಇರುವ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂದಿಗೆ ಆ ಮಿತಿಯಲ್ಲಿ ಅರ್ಥವಿದ್ದಿರಬಹುದು. ಇಂದು ಆ ಹಣಕ್ಕೆ ಈ ನಗರದಲ್ಲಿ ಒಂದು ಕೋಣೆಯೂ ಸಿಕ್ಕುವುದು ದುರ್ಲಭವಾದುದರಿಂದ, ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವ ಬಾಡಿಗೆದಾರರೆಲ್ಲರೂ ಆ ಕಾನೂನಿನ ನೆರಳಿನಿಂದ ಹೊರಗೆ ನಿಂತಿದ್ದಾರೆ.

ಇದಕ್ಕೆ ಪರಿಹಾರವು ಯಾರ ಕಲ್ಪನೆಗೂ ನಿಲುಕದ್ದೇನಲ್ಲ. ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಅಂಗೀಕರಿಸಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಅದರ ರೂಪುರೇಷೆಗಳು ಸ್ಪಷ್ಟವಾಗಿಯೇ ಇವೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡವನ್ನು ಪಡೆಯಬಾರದು. ಮನೆಯನ್ನು ವಶಕ್ಕೆ ತೆಗೆದುಕೊಳ್ಳುವಾಗಲೇ, ನ್ಯಾಯವಾದ ಕಡಿತಗಳನ್ನು ಕಳೆದು, ಅದನ್ನು ಹಿಂದಿರುಗಿಸಬೇಕು. ನೀರು, ವಿದ್ಯುತ್ತುಗಳನ್ನು ನಿಲ್ಲಿಸಬಾರದು. ಇಪ್ಪತ್ತನಾಲ್ಕು ಗಂಟೆಗಳ ಮುನ್ಸೂಚನೆಯಿಲ್ಲದೆ ಮಾಲೀಕರು ಒಳಬರಬಾರದು. ಗೋಡೆಗಳಿಗೆ ಸುಣ್ಣ ಹೊಡೆಸುವುದೂ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಸುವುದೂ ಮಾಲೀಕರ ಹೊಣೆಯೆಂದೇ ಅದರ ಅನುಸೂಚಿ ಹೇಳುತ್ತದೆ. ಆದರೆ ಮಾದರಿಯು ಎಷ್ಟು ಸೊಗಸಾಗಿದ್ದರೂ ರಾಜ್ಯವು ಅದನ್ನು ತನ್ನ ಶಾಸನವನ್ನಾಗಿ ಮಾಡಿಕೊಳ್ಳುವವರೆಗೆ ಯಾರನ್ನೂ ಕಾಯಲಾರದು.

ಮಾಲೀಕರ ಪಕ್ಷದಲ್ಲಿಯೂ ನ್ಯಾಯವಾದ ಭಯವಿದೆಯೆಂಬುದನ್ನು ಒಪ್ಪಲೇಬೇಕು. ನಿವೃತ್ತಿಯ ಹಣವನ್ನೆಲ್ಲ ಒಂದು ಫ್ಲಾಟಿಗೆ ಸುರಿದು, ಅದರ ಬಾಡಿಗೆಯಿಂದ ಔಷಧದ ಖರ್ಚನ್ನು ತೂಗಿಸುವ ವೃದ್ಧ ದಂಪತಿಗಳು ಈ ಊರಿನಲ್ಲಿ ವಿರಳರಲ್ಲ. ಬಾಡಿಗೆ ನಿಲ್ಲಿಸಿ ಮನೆಯನ್ನೂ ಬಿಡದವನ ಮೇಲೆ ದಾವೆ ಹೂಡಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗಿ ಬಂದರೆ ತಮ್ಮ ಗತಿಯೇನೆಂಬ ಅಂಜಿಕೆಯೇ ಹತ್ತು ತಿಂಗಳ ಅಡ್ವಾನ್ಸಿಗೆ ಅವರನ್ನು ಅಂಟಿಸಿದೆ. ಆದರೆ ಅಂಜಿಕೆಗೆ ಕಾರಣವು ನ್ಯಾಯದಾನದ ವಿಳಂಬವಾಗಿರುವಾಗ, ಅದರ ದಂಡವನ್ನು ತಪ್ಪು ಮಾಡದ ಬಾಡಿಗೆದಾರರಿಂದ ಮೊದಲೇ ವಸೂಲು ಮಾಡುವುದು ಧರ್ಮವೆನಿಸದು. ಅದೇ ಮಾದರಿ ಕಾಯ್ದೆಯು ಬಾಡಿಗೆಯ ವ್ಯಾಜ್ಯಗಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯಗಳನ್ನು ವಿಧಿಸುತ್ತದೆ. ಅವಧಿ ಮೀರಿ ಕುಳಿತವನು ಮೊದಲ ಎರಡು ತಿಂಗಳು ಇಮ್ಮಡಿ, ಅನಂತರ ನಾಲ್ಮಡಿ ಬಾಡಿಗೆ ತೆರಬೇಕೆನ್ನುತ್ತದೆ. ಶೀಘ್ರವಾದ ನ್ಯಾಯವು ದೊರೆತಲ್ಲಿ ದೊಡ್ಡ ಅಡ್ವಾನ್ಸಿನ ಆವಶ್ಯಕತೆಯು ತಾನಾಗಿಯೇ ಕರಗುವುದು.

ಕಾನೂನಿನಿಂದ ಮಾತ್ರ ಆಗದ ಕೆಲಸವೂ ಇದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಟೆಂಪೋ ನಿಂತಿರುತ್ತದೆ. ಸಂಘದ ಒಪ್ಪಿಗೆ ಇನ್ನೂ ಬಂದಿಲ್ಲವೆಂದು ವಾಚ್‌ಮನ್ ಒಳಗೆ ಬಿಡಲೊಲ್ಲ. ಮಫ್ಲರ್ ಸುತ್ತಿಕೊಂಡ ಮುದುಕಿಯೊಬ್ಬಳು ಫುಟ್‌ಪಾತಿನಲ್ಲಿ ಹಾಸಿಗೆಯ ಗಂಟಿನ ಮೇಲೆ ಕುಳಿತು, ದೇವರ ಪಟಗಳ ಚೀಲವನ್ನು ನೆಲಕ್ಕೆ ತಾಗದಂತೆ ತೊಡೆಯ ಮೇಲೆ ಹಿಡಿದುಕೊಂಡಿರುತ್ತಾಳೆ. ಸೊಸೆ ಫೋನಿನಲ್ಲಿ ಯಾರನ್ನೋ ಅಂಗಲಾಚುತ್ತಿರುತ್ತಾಳೆ. ಸಾಮಾನು ಸಾಗಿಸುವುದಕ್ಕೆ ಶುಲ್ಕ, ಲಿಫ್ಟಿಗೆ ಇಂತಿಷ್ಟೇ ಹೊತ್ತು ಎಂಬ ನಿಯಮಗಳಿಗೆ ಕಾರಣಗಳಿರಬಹುದು. ಬರುವವರನ್ನು ಅಪರಾಧಿಗಳಂತೆ ನಿಲ್ಲಿಸುವುದಕ್ಕೆ ಕಾರಣವಿಲ್ಲ. ಇದಕ್ಕೂ ಹಿಂದೆ, ನೀವು ಯಾವ ಜನ, ಮನೆಯಲ್ಲಿ ಮಾಂಸ ಬೇಯಿಸುತ್ತೀರಾ, ಮದುವೆಯಾಗಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿತ್ತು, ಮನೆ ಈಗಾಗಲೇ ಬೇರೆಯವರಿಗೆ ಆಗಿಹೋಗಿದೆ ಎಂಬ ಸುಳ್ಳನ್ನು ಕೇಳಿಸಿಕೊಂಡು ಮೆಟ್ಟಿಲಿಳಿದವರು ಎಷ್ಟೋ ಮಂದಿ. ಹೆಸರನ್ನು ಕೇಳಿದೊಡನೆ ಮುಖಭಾವ ಬದಲಾಗುವುದನ್ನು ಕಂಡವರಿಗೆ ಆ ಅವಮಾನವನ್ನು ಯಾರೂ ವಿವರಿಸಬೇಕಾಗಿಲ್ಲ. ಒಳಬಂದ ಮೇಲಾದರೂ ಮೆಂಟೆನೆನ್ಸ್ ಕೊಡುವ ಬಾಡಿಗೆದಾರನಿಗೆ ಸಂಘದ ಸಭೆಯಲ್ಲಿ ಧ್ವನಿಯಿರುವುದಿಲ್ಲ. ಟ್ಯಾಂಕರ್ ನೀರಿನ ಬವಣೆಯನ್ನು ಅವನೂ ಸಮನಾಗಿ ಅನುಭವಿಸುವಾಗ, ಆ ವಿಷಯದ ಚರ್ಚೆಗೆ ಅವನನ್ನು ಕರೆಯುವ ಔದಾರ್ಯವನ್ನು ಸಂಘಗಳು ಯಾವ ಶಾಸನಕ್ಕೂ ಕಾಯದೆ ತೋರಬಹುದು. ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೊರಟ ಮಕ್ಕಳು ಹೊಸದಾಗಿ ಬಂದವರ ಬಾಗಿಲನ್ನೂ ತಟ್ಟುವಂತೆ ಹಿರಿಯರು ಹೇಳಿದರೆ, ಆ ಮನೆಯವರಿಗೆ ಊರು ಅಂದೇ ತಮ್ಮದೆನಿಸೀತು.

ಸರ್ಕಾರದಿಂದ ಆಗಬೇಕಾದುದನ್ನು ಒಟ್ಟುಗೂಡಿಸಿ ಹೇಳುವುದಾದರೆ, ಅಡ್ವಾನ್ಸಿಗೆ ಎರಡು ತಿಂಗಳ ಮಿತಿ. ಮನೆ ಹಿಡಿಯುವ ದಿನ ಗೋಡೆ, ನಲ್ಲಿ, ತಂತಿ, ಗೀಸರುಗಳ ಸ್ಥಿತಿಯನ್ನು ಚಿತ್ರಸಮೇತ ದಾಖಲಿಸಿ ಇಬ್ಬರೂ ಸಹಿ ಮಾಡುವ ಪಟ್ಟಿ. ಬಿಡುವ ದಿನವೇ ಹಣದ ವಾಪಸಾತಿ. ತ್ವರಿತವಾದ ಬಾಡಿಗೆ ನ್ಯಾಯಾಲಯ. ಜಾತಿ ಮತಗಳನ್ನು ಮುಂದೊಡ್ಡಿ ಮನೆ ನಿರಾಕರಿಸುವುದಕ್ಕೆ ದಂಡನೆ. ಇವುಗಳಲ್ಲಿ ಯಾವುದಕ್ಕೂ ಬೊಕ್ಕಸದಿಂದ ಅಪಾರ ದ್ರವ್ಯ ಬೇಕಿಲ್ಲ, ಸಂಕಲ್ಪ ಬೇಕು. ನಮ್ಮ ವಿಧಾನಮಂಡಲವು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನವನ್ನು ನಡೆಸುವ ಡಿಸೆಂಬರಿನಲ್ಲಿಯೇ, ರಾಜಧಾನಿಯ ಬೀದಿಗಳಲ್ಲಿ ಈ ಟೆಂಪೋಗಳೂ ಸಾಗುತ್ತಿರುತ್ತವೆ. ಆ ಅಧಿವೇಶನದ ಕಾರ್ಯಕಲಾಪಗಳಲ್ಲಿ ಇವುಗಳನ್ನು ಒಳಗೊಂಡ ಬಾಡಿಗೆ ಮಸೂದೆಯೊಂದಕ್ಕೆ ಒಂದು ದಿನವನ್ನು ಮೀಸಲಿಡಿಸುವ ಹೊಣೆ ಬೆಂಗಳೂರಿನಿಂದ ಆರಿಸಿಹೋದ ಶಾಸಕರದು. ಮತ ಕೇಳಲು ಬಂದಾಗ ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಅವರು ವಿಚಾರಿಸಿರಲಿಲ್ಲವೆಂಬುದನ್ನು ಅವರಿಗೆ ನೆನಪಿಸುವ ಹೊಣೆ ನಮ್ಮೆಲ್ಲರದು.