ನೀರು ಬೇಕೋ, ಬಿಸಿಲು ಬೇಕೋ?

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಏಪ್ರಿಲ್ ತಿಂಗಳು ಬಂದಿತೆಂದರೆ ಊಟದ ಮೇಜಿನ ಮೇಲೆ ಒಂದು ಕಾಗದದ ಹಾಳೆ ಪ್ರತ್ಯಕ್ಷವಾಗುತ್ತದೆ. ಮಕ್ಕಳಿಗೆ ಬೇಸಿಗೆಯ ರಜೆ. ಮನೆಯ ಯಜಮಾನರಾದ ರಾಯರಿಗೆ ಕಚೇರಿಯಲ್ಲಿ ಕಾಡಿಬೇಡಿ ಕೂಡಿಟ್ಟ ನಾಲ್ಕು ದಿನಗಳು. ವರ್ಷಕ್ಕೊಮ್ಮೆ ಇಷ್ಟೇ ಎಂದು ಎತ್ತಿಟ್ಟ ಹಣ. ಆ ವರ್ಷದ ಹಾಳೆಯ ಮೇಲೆ ರಾಯರು ಬರೆದುದು ಹೀಗಿತ್ತು: ಮೇ ತಿಂಗಳ ಎರಡನೆಯ ವಾರ, ಮೊದಲ ದಿನ ಜೋಗ, ಎರಡನೆಯ ದಿನ ಬೆಳಗ್ಗೆ ಸಿಗಂದೂರು, ಅಂದೇ ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ, ಮೂರನೆಯ ದಿನ ಶೃಂಗೇರಿ, ನಾಲ್ಕನೆಯ ದಿನ ಸ್ವಗೃಹ. ದಿನಸಿ ಅಂಗಡಿಗೆ ಹೊರಟವರ ಚೀಟಿಯಂತೆ ಒಂದರ ಕೆಳಗೊಂದು ಊರು. ಒಂದೊಂದನ್ನೂ ಕೊಂಡು ಚೀಲಕ್ಕೆ ಹಾಕಿಕೊಂಡು ಬರುವುದಷ್ಟೇ ಉಳಿದಿತ್ತು.

ಹಾಳೆಯನ್ನು ಮೊದಲು ಓದಿದವರು ರಾಯರ ತಾಯಿ. ಅವರಿಗೆ ಎಪ್ಪತ್ತನಾಲ್ಕು ವರ್ಷ. 1962ರಲ್ಲಿ, ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ, ತಂದೆಯ ಕೈಹಿಡಿದು ಜೋಗವನ್ನು ನೋಡಿದ್ದರು. ತಾಳಗುಪ್ಪದ ನೆಂಟರ ಮನೆಯಲ್ಲಿ ತಂಗಿದ್ದುದು, ಕಂಬಳಿಕೊಪ್ಪೆಯೊಳಗಿನಿಂದ ಇಣಿಕಿದ್ದುದು, ಎದುರಿನವರ ಮಾತು ಕೇಳಿಸದಷ್ಟು ಅಬ್ಬರ, ಇವೆಲ್ಲ ಅವರ ನೆನಪಿನಲ್ಲಿ ಹಸಿಯಾಗಿದ್ದುವು. ಮೊಮ್ಮಕ್ಕಳಿಗೆ ಅದನ್ನು ತಾವೇ ತೋರಿಸಬೇಕೆಂಬುದು ಅವರ ಆಸೆ. ಈಚೆಗೆ ಮೊಣಕಾಲುಗಳು ವರ್ಷ ವರ್ಷಕ್ಕೂ ಕೆಡುತ್ತಿದ್ದುದರಿಂದ ಆ ಆಸೆಗೊಂದು ಅವಸರವೂ ಸೇರಿಕೊಂಡಿತ್ತು.

"ಮೇ ತಿಂಗಳಲ್ಲಿ ಜೋಗದಲ್ಲಿ ಏನಪ್ಪಾ ನೋಡುವುದು? ಬಂಡೆಯನ್ನೇ?" ಎಂದು ಕೇಳಿದರು ತಾಯಿ.

ರಾಯರ ಬಳಿ ಉತ್ತರವಿರಲಿಲ್ಲ. ಪಟ್ಟಣದ ಸಂಸಾರಗಳು ಪ್ರವಾಸದ ವಿಚಾರದಲ್ಲಿ ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಊರುಗಳು ವರ್ಷವಿಡೀ ಒಂದೇ ತೆರನಾಗಿ ತಮಗಾಗಿ ಕಾದಿರುತ್ತವೆಂದು ಅವರು ಭಾವಿಸುತ್ತಾರೆ. ಶಾಲೆಯ ಪಂಚಾಂಗ ಒಂದು, ಆಕಾಶದ ಪಂಚಾಂಗ ಇನ್ನೊಂದು ಎಂಬುದು ಹೊಳೆಯುವುದು, ಸಾಮಾನ್ಯವಾಗಿ, ಅಲ್ಲಿ ಹೋಗಿ ಒಣಗಿದ ಬಂಡೆಯ ಎದುರು ನಿಂತಾಗ.

ಜೋಗದ ವಿಷಯದಲ್ಲಂತೂ ಮಳೆಯೊಂದನ್ನೇ ಲೆಕ್ಕ ಹಾಕಿದರೂ ಸಾಲದು. ಜಲಪಾತದಿಂದ ಸುಮಾರು 6 ಕಿಲೋಮೀಟರು ಮೇಲೆ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅಂದಿನಿಂದ ಶರಾವತಿ ತನ್ನ ಇಚ್ಛೆಯಂತೆ ಧುಮುಕುವ ನದಿಯಲ್ಲ. ಜಲಾಶಯದ ನೀರು ಕಾಲುವೆಯ ಮೂಲಕ ತಲಕಳಲೆಗೂ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ವಿದ್ಯುದಾಗಾರಕ್ಕೂ ಹೋಗುತ್ತದೆ. ಜಲಪಾತದ ಬಂಡೆಯನ್ನು ಅದು ಮುಟ್ಟುವುದೇ ಇಲ್ಲ. ಮಳೆಗಾಲದ ಮೊದಲ ತಿಂಗಳುಗಳಲ್ಲಿ ಜೋಗದಲ್ಲಿ ಬೀಳುವುದು ಅಣೆಕಟ್ಟಿನ ಕೆಳಗಿನ ಕಾಡುಗುಡ್ಡಗಳಿಂದ ಹಳ್ಳಕೊಳ್ಳಗಳು ತಂದ ನೀರು. ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ನೀರು ಅದರ ಸಮೀಪಕ್ಕೆ ಬಂದು, ಇನ್ನೂ ಒಳಹರಿವು ಜೋರಾಗಿದ್ದರೆ ಮಾತ್ರ ಬಾಗಿಲುಗಳನ್ನು ತೆರೆಯುತ್ತಾರೆ. ಆಗ ಹಿಂದಿನ ಶರಾವತಿ ಕೆಲವು ದಿನ ಮರಳಿ ಬರುತ್ತಾಳೆ. ಎಲ್ಲ ವರ್ಷವೂ ಬರುವಳೆಂದಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯ ತುಂಬಲಿಲ್ಲ. 2024ರಲ್ಲಿ ಆಗಸ್ಟ್ ಹೊತ್ತಿಗೇ ಬಾಗಿಲುಗಳು ತೆರೆದುವು. ಆದುದರಿಂದ ಜೋಗಕ್ಕೆ ಹೊರಡುವವರು ಜುಲೈ ತಿಂಗಳಿನಿಂದ ದಿನಪತ್ರಿಕೆಯಲ್ಲಿ ಜಲಾಶಯಗಳ ಮಟ್ಟವನ್ನು ಕೊಡುವ ಆ ಸಣ್ಣ ಕೋಷ್ಟಕವನ್ನು ಓದುವ ಅಭ್ಯಾಸ ಮಾಡಿಕೊಳ್ಳುವುದು ಒಳಿತು. ಅದಕ್ಕಿಂತ ಉಪಯುಕ್ತವಾದ ಪ್ರವಾಸದ ಕೈಪಿಡಿ ಬೇರೊಂದಿಲ್ಲ.

ಹಾಗಾದರೆ ಜುಲೈ ತಿಂಗಳಲ್ಲಿಯೇ ಹೋಗಬಾರದೇಕೆ ಎಂದು ರಾಯರು ವಾದಿಸಿದರು. ಮಳೆಗೆ ಮಲೆನಾಡಿನಲ್ಲಿ ನಕ್ಷತ್ರಗಳ ಹೆಸರುಂಟು. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಅಂದರೆ ಜೂನ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಬೀಳುವ ಮಳೆಗಳು, ಅಲ್ಲಿ ಆಕಾಶವನ್ನು ಬಿಟ್ಟುಕೊಡುವುದೇ ಅಪರೂಪ. ನೀರು ಧಾರಾಳ; ಆದರೆ ನೋಡಲು ನಿಂತವರಿಗೂ ನೀರಿಗೂ ನಡುವೆ ಮಂಜಿನ ಗೋಡೆ. 830 ಅಡಿಯ ಜಲಪಾತ ಎದುರಿಗೇ ಇದ್ದು, ಗಂಟೆಗಟ್ಟಲೆ ನಿಂತರೂ ಬಿಳಿಯ ಬಣ್ಣವೊಂದನ್ನಲ್ಲದೆ ಬೇರೇನನ್ನೂ ಕಾಣದೆ ಹಿಂತಿರುಗಿದವರು ಎಷ್ಟೋ ಮಂದಿ. ನೀರಿಲ್ಲದಾಗ ಕಣ್ಣಿಗೆ ತಡೆಯಿಲ್ಲ. ನೀರಿದ್ದಾಗ ಕಣ್ಣಿಗೇ ತಡೆ. ಈ ಎರಡರ ನಡುವಿನ ಸಂದೊಂದು ಬೇಕು. ಮಖೆಯ ಮಳೆ ಆಗಸ್ಟ್ 16ರ ಸುಮಾರಿಗೆ ಹುಟ್ಟುತ್ತದೆ, ಹುಬ್ಬೆ ತಿಂಗಳ ಕೊನೆಗೆ, ಉತ್ತರೆ ಸೆಪ್ಟೆಂಬರ್ 13ರ ಹೊತ್ತಿಗೆ. ಆ ದಿನಗಳಲ್ಲಿ ಮಳೆ ಬಂದುಹೋಗಿ ಬಂದುಹೋಗಿ ಮಾಡುತ್ತದೆ, ನಡುನಡುವೆ ಬಿಸಿಲಿನ ಮುಖವೂ ಕಾಣುತ್ತದೆ, ಜಲಾಶಯವೂ ಬಹುಮಟ್ಟಿಗೆ ಏರಿರುತ್ತದೆ.

ಇಷ್ಟಾದಾಗ ಹಾಳೆಯ ಮೇಲಿನ ಒಂದು ಸಾಲು ಉಳಿದೆಲ್ಲವನ್ನೂ ಅಣಕಿಸುವಂತೆ ತೋರಿತು: ಆಗುಂಬೆಯ ಸೂರ್ಯಾಸ್ತ. ಅದರ ಮೇಲೆ ಆಸೆಯಿಟ್ಟವಳು ಹದಿನಾಲ್ಕು ವರ್ಷದ ಮಗಳು. ಘಾಟಿಯ ಅಂಚಿನಲ್ಲಿ ನಿಂತರೆ ದೂರದ ಅರಬ್ಬೀ ಸಮುದ್ರದಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆಂಬುದು ಸುಳ್ಳಲ್ಲ. ಆದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಅದು. ಬೆಂಗಳೂರಿನಲ್ಲಿ ಬೀಳುವುದು ಹೆಚ್ಚುಕಡಮೆ 1,000. ಮಳೆಗಾಲದಲ್ಲಿ ಅಲ್ಲಿ ಸೂರ್ಯ ಎಲ್ಲಿ ಹುಟ್ಟಿದ, ಎಲ್ಲಿ ಮುಳುಗಿದ ಎಂಬುದೇ ತಿಳಿಯದು. ನವೆಂಬರ್ ಕಳೆದು, ಆಕಾಶ ತೊಳೆದಿಟ್ಟಂತಾಗುವ ಚಳಿಗಾಲದ ಸಂಜೆಗಳು ಅದಕ್ಕೆ ಸರಿಯಾದ ಕಾಲ. ಆಗ ಜೋಗದಲ್ಲಿ ಉಳಿದಿರುವುದು ಕೆಲವು ಬೆಳ್ಳಿಯ ಎಳೆಗಳು ಮಾತ್ರ.

ಒಂದು ನೀರಿನ ಊರು, ಇನ್ನೊಂದು ಬಿಸಿಲಿನ ಊರು. ಎರಡನ್ನೂ ಒಂದೇ ಪಯಣದಲ್ಲಿ ಕಟ್ಟಿಕೊಂಡರೆ ಒಂದಾದರೂ ಕೈತಪ್ಪುವುದು ಖಂಡಿತ. ಬಾಡಿಗೆ ಬಂಡಿಗಳವರು ಈ ಎರಡನ್ನೂ ಸೇರಿಸಿ ವರ್ಷವಿಡೀ ಮಾರುವುದುಂಟು. ಅವರನ್ನು ದೂರಿ ಫಲವಿಲ್ಲ. ಕೇಳಿದುದನ್ನು ಕೊಡುವುದು ಅವರ ವೃತ್ತಿ. ಏನನ್ನು ನೋಡಬೇಕೆಂದು ಮೊದಲು ನಿಶ್ಚಯಿಸಿ, ದಿನವನ್ನು ಅದಕ್ಕೆ ಆರಿಸಲು ಬಿಡುವುದು ಹೊರಟವರ ಕೆಲಸ.

ಮಗಳು ಮುಖ ಊದಿಸಿಕೊಂಡಳು. "ಅಜ್ಜಿಗೆ ಬೇಕಾದುದು ಮಾತ್ರ ಆಗಬೇಕೇ?" ಎಂಬ ಮಾತೂ ಬಂದಿತು. ರಾಯರ ಪತ್ನಿ ಅವಳನ್ನು ಗದರಿಸಲಿಲ್ಲ. "ಸೂರ್ಯ ಡಿಸೆಂಬರಿನಲ್ಲಿಯೂ ಮುಳುಗುತ್ತಾನಮ್ಮ, ಮುಂದಿನ ವರ್ಷವೂ ಮುಳುಗುತ್ತಾನೆ" ಎಂದರು. ಅಜ್ಜಿಯ ಮೊಣಕಾಲಿನ ಮಾತನ್ನು ಅವರು ಆಡಲಿಲ್ಲ, ಹುಡುಗಿಗೆ ಅರ್ಥವಾಯಿತು.

ದಿನದ ಪ್ರಶ್ನೆಯನ್ನು ಬಿಡಿಸಿದವರೂ ಆಕೆಯೇ. ಸ್ವಾತಂತ್ರ್ಯದಿನದ ಸುತ್ತಲೂ, ಎಲ್ಲ ಶನಿವಾರ ಭಾನುವಾರಗಳಲ್ಲಿಯೂ, ಜೋಗದ ದಾರಿ ಬಂಡಿಗಳ ಸಾಲಾಗಿರುತ್ತದೆ. ದಸರೆಯ ರಜೆ ಮಕ್ಕಳಿಗೆ ಅನುಕೂಲ. ಆದರೆ ಅಷ್ಟು ಹೊತ್ತಿಗೆ ನೀರಿಗೆ ಜಾಮೀನಿಲ್ಲ, ಕೋಣೆಗಳಿಗಂತೂ ಇಲ್ಲವೇ ಇಲ್ಲ. ಗಣೇಶನ ಹಬ್ಬ ಕಳೆದು ಪಿತೃಪಕ್ಷ ಹುಟ್ಟುವ ಮುನ್ನ ಸಿಕ್ಕುವ ವಾರ, ಅದೂ ವಾರದ ನಡುವಿನ ದಿನಗಳು, ಇದ್ದುದರಲ್ಲಿ ಲೇಸು. ಮೂರು ದಿನದ ಶಾಲೆ ತಪ್ಪುತ್ತದೆ, ತಪ್ಪಲಿ. ರಾಯರು ಒಮ್ಮೆ ಆಕ್ಷೇಪಿಸಿ, ಹೆಂಡತಿಯ ಮುಖ ನೋಡಿ, ಸುಮ್ಮನಾದರು.

ಇನ್ನು ತಂಗುವ ಮಾತು. 1962ರಲ್ಲಿ ನೆಂಟರ ಮನೆಯೆಂಬುದಿತ್ತು. ಆ ನೆಂಟರ ಮಕ್ಕಳು ಈಗ ಬೆಂಗಳೂರಿನಲ್ಲಿಯೇ ಇದ್ದಾರೆ. ಜೋಗದಲ್ಲಿಯೇ ತಂಗಿದರೆ ಮಂಜು ಸರಿದ ಗಳಿಗೆಯಲ್ಲಿ ಓಡಿಹೋಗಿ ನೋಡಬಹುದೆಂಬ ಲಾಭವುಂಟು; ಆದರೆ ಅಲ್ಲಿ ಕೋಣೆಗಳು ಕಡಮೆ, ಬೇಡಿಕೆ ಹೆಚ್ಚು. ಅಡಕೆ ತೋಟಗಳ ನಡುವಿನ ಹೋಂಸ್ಟೇಗಳು ಇತ್ತೀಚಿನ ವರ್ಷಗಳಲ್ಲಿ ಬಹಳ. ಊಟ ರುಚಿ, ಉಪಚಾರ ಹೃತ್ಪೂರ್ವಕ. ಆದರೆ ಬಣ್ಣದ ಚಿತ್ರದಲ್ಲಿ ಕಾಣದ ಸಂಗತಿಗಳನ್ನು ದೂರವಾಣಿಯಲ್ಲಿ ನೇರವಾಗಿ ಕೇಳಿ ತಿಳಿಯಬೇಕು. ಬಂಡಿ ಬಾಗಿಲವರೆಗೆ ಬರುತ್ತದೆಯೇ, ಅಥವಾ ಕೆಸರಿನ ಇಳಿಜಾರಿನಲ್ಲಿ ಜೀಪು ಹತ್ತಬೇಕೆ? ಕೋಣೆಗೆ ಮೆಟ್ಟಿಲುಗಳೆಷ್ಟು? ಶೌಚಾಲಯದಲ್ಲಿ ಕುಳಿತುಕೊಳ್ಳುವ ಕಮೋಡು ಇದೆಯೇ? ಮಳೆಗೆ ವಿದ್ಯುತ್ತು ಹೋದರೆ ಬಿಸಿನೀರಿಗೆ ಒಲೆಯುಂಟೆ? ವಿದ್ಯುತ್ತನ್ನು ನಾಡಿಗೆಲ್ಲ ಕೊಟ್ಟ ನದಿಯ ದಡದಲ್ಲಿ ಈ ಕೊನೆಯ ಪ್ರಶ್ನೆ ಕೇಳಬೇಕಾಗಿರುವುದೊಂದು ವಿಪರ್ಯಾಸ. ರಾಯರ ಪತ್ನಿ ಇವನ್ನೆಲ್ಲ ಕೇಳಿ, ಎರಡು ಮನೆಗಳನ್ನು ಬಿಟ್ಟು, ಜೋಗಕ್ಕೆ 30 ಕಿಲೋಮೀಟರು ದೂರದ ಸಾಗರದಲ್ಲಿ ಕೆಳಅಂತಸ್ತಿನ ಕೋಣೆಯೊಂದನ್ನು ಗೊತ್ತುಮಾಡಿದರು. ಒಂದು ರಾತ್ರಿಗಲ್ಲ, ಎರಡು ರಾತ್ರಿಗೆ. ಒಂದು ದಿನವನ್ನು ಮಂಜಿಗೆ ದಾನವೆಂದು ಮೊದಲೇ ಬಿಟ್ಟುಕೊಟ್ಟವರಿಗೆ ಅಲ್ಲಿ ನಿರಾಸೆ ಕಡಮೆ.

ರೈಲಿನ ಮುಂಗಡ ಟಿಕೇಟು ದೊರೆಯುವುದು 60 ದಿನ ಮೊದಲು. ಮಳೆಯ ಗುಟ್ಟು ತಿಳಿಯುವುದು ಐದಾರು ದಿನ ಮೊದಲು. ಈ ಅಂತರವನ್ನು ಯಾವ ಲೆಕ್ಕಾಚಾರವೂ ತುಂಬಲಾರದು. ರಾತ್ರಿ ಬೆಂಗಳೂರು ಬಿಟ್ಟು ಬೆಳಗ್ಗೆ ಸಾಗರ ಮುಟ್ಟಿಸುವ ತಾಳಗುಪ್ಪದ ರೈಲಿನಲ್ಲಿ, ತಾಯಿಗೆ ಕೆಳಗಿನ ಬರ್ತು ಸಿಕ್ಕುವಂತೆ, ರಾಯರು ಜುಲೈ ಮೊದಲಲ್ಲಿಯೇ ಸ್ಥಳ ಹಿಡಿದರು. ಹೊರಡುವ ಮುನ್ನ ಇನ್ನೊಂದು ಬಾರಿ ವಿಚಾರಿಸುವುದನ್ನೂ ಮರೆಯಲಿಲ್ಲ. 2025ರ ಮೊದಲ ತಿಂಗಳುಗಳಲ್ಲಿ ಕಾಮಗಾರಿಯ ನಿಮಿತ್ತ ಜೋಗದ ಪ್ರವೇಶವನ್ನೇ ನಿಲ್ಲಿಸಿದ್ದರು. ತಿಳಿಯದೆ ಹೋದವರು ದ್ವಾರದಿಂದಲೇ ಹಿಂದಿರುಗಬೇಕಾಗಿತ್ತು.

ಮೊದಲ ದಿನ ಮಧ್ಯಾಹ್ನ ಜೋಗದಲ್ಲಿ ಮಂಜು. ಗೋಡೆಯೆಂದರೆ ಗೋಡೆಯೇ. ಕಣಿವೆಯ ತಳಕ್ಕೆ ಇಳಿಯುವ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳ ಬಾಗಿಲಿಗೆ ಬೀಗ. ಜಾರುವ ಕಾಲದಲ್ಲಿ ಅದು ಸರಿಯಾದುದೇ. ಬಸ್ಸಿನಿಂದಿಳಿದ ಗುಂಪೊಂದು ಹತ್ತು ನಿಮಿಷ ಕಾದು, ಮಂಜನ್ನೇ ಹಿನ್ನೆಲೆಯಾಗಿ ಮಾಡಿ ಭಾವಚಿತ್ರ ತೆಗೆದುಕೊಂಡು, ಮುಂದಿನ ಊರಿಗೆ ಹೊರಟಿತು. ಕಿರಿಯ ಹುಡುಗ ಕಾಲಿಗೆ ಹತ್ತಿದ ಉಂಬಳವನ್ನು ಕಂಡು ಚೀರಿದ. ಅಜ್ಜಿ ಮಾತ್ರ ಕೊಡೆಯ ಕೆಳಗೆ ಕುಳಿತು ಕಿವಿಗೊಟ್ಟಿದ್ದರು. "ಇದು ರೋರರ್‌ದು" ಎಂದರು ಒಮ್ಮೆ. ಮೊಮ್ಮಗಳು ನಂಬಲಿಲ್ಲ.

ಎರಡನೆಯ ದಿನ ಬೆಳಗ್ಗೆ ಮಳೆ ಬಿಡದೆ ಹಿಡಿದಿತ್ತು. ಇಂತಹ ಹೊತ್ತಿಗೆ ಕಲ್ಲಿನ ಸೂರಿರುವ ಸ್ಥಳಗಳನ್ನು ತೆಗೆದಿರಿಸಿಕೊಳ್ಳುವುದು ಜಾಣತನ. ಸಾಗರದ ನೆರೆಯಲ್ಲಿಯೇ ಇಕ್ಕೇರಿಯ ಅಘೋರೇಶ್ವರ, ಅದರ ಮುಂದೆ ಮಂಟಪ ತುಂಬಿ ಕುಳಿತ ನಂದಿ. ಇನ್ನೊಂದು ದಿಕ್ಕಿಗೆ ಕೆಳದಿಯ ರಾಮೇಶ್ವರ, ಅಲ್ಲಿಯ ಗಂಡಭೇರುಂಡ. ಕೆಳದಿಯ ಅರಸರ ಕಥೆಯನ್ನು ಪಾಠದಲ್ಲಿ ಓದಿದ್ದ ಹುಡುಗಿಗೆ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮನ ನಾಡು ಇದೇ ಎಂದು ತಿಳಿದಾಗ ಆಗುಂಬೆಯ ಮುನಿಸು ಅರ್ಧ ಇಳಿಯಿತು. ಸಿಗಂದೂರಿಗೆ ಹಿನ್ನೀರಿನ ಮೇಲಿನ ಹೊಸ ಸೇತುವೆಯ ಮೇಲೆ ಹೋಗಿಬಂದರು. ಅದು 2025ರ ಜುಲೈ 14ರಂದು ತೆರೆಯುವವರೆಗೆ ಲಾಂಚಿಗಾಗಿ ಸಾಲು ನಿಲ್ಲಬೇಕಾಗಿತ್ತು. ನೀರಿಳಿದ ಬೇಸಿಗೆಗಳಲ್ಲಿ ಲಾಂಚೂ ವಾಹನಗಳನ್ನು ಒಲ್ಲೆನೆನ್ನುತ್ತಿತ್ತು.

ಮೂರನೆಯ ದಿನ, ರಾತ್ರಿಯ ರೈಲಿಗೆ ಮುನ್ನ, ಮತ್ತೊಮ್ಮೆ ಜೋಗ. ಒಂಬತ್ತು ಗಂಟೆಯ ಸುಮಾರಿಗೆ ಕಣಿವೆಯಿಂದ ಗಾಳಿಯೆದ್ದಿತು. ಯಾರೋ ಪರದೆಯ ಹಗ್ಗ ಎಳೆದಂತೆ ಮಂಜು ಎಡಗಡೆಯಿಂದ ಸರಿಯತೊಡಗಿತು. ಮೊದಲು ರಾಜಾ, ಕಂಬ ನಿಲ್ಲಿಸಿದಂತೆ. ಅದಕ್ಕೆ ಓರೆಯಾಗಿ ಬಂದು ಮೊರೆಯುತ್ತ ಬೀಳುವ ರೋರರ್. ಬಾಣ ಬಿಟ್ಟಂತೆ ಸಿಡಿಯುವ ರಾಕೆಟ್. ಬಂಡೆಯ ಮೇಲೆ ಹರಡಿಕೊಂಡು ಇಳಿಯುವ ರಾಣಿ.

"ಇನ್ನೂ ಹೆಚ್ಚು ನೀರಿದ್ದಿದ್ದರೆ ಚೆನ್ನಾಗಿತ್ತಲ್ಲವೇ, ಅಮ್ಮ?" ಎಂದರು ರಾಯರು, ಬಾಗಿಲು ತೆರೆದ ದಿನಗಳ ಚಿತ್ರಗಳನ್ನು ಅವರು ನೋಡಿದ್ದರು.

"ಆಗ ನಾಲ್ಕೂ ಸೇರಿ ಒಂದೇ ಆಗಿಬಿಡುತ್ತವಪ್ಪ. ಮಕ್ಕಳಿಗೆ ಹೆಸರು ಹೇಳಿ ತೋರಿಸಲು ಇಷ್ಟೇ ಸರಿ."

ಅವರು ಒಂದೊಂದಕ್ಕೂ ಬೆರಳು ಮಾಡಿ ಹೆಸರು ಹೇಳಿದರು. ಕಾಲು ಗಂಟೆಯಾಗಿರಬಹುದು, ಮತ್ತೆ ಮಂಜು ಮುಚ್ಚಿಕೊಂಡಿತು.

ರೈಲಿನಲ್ಲಿ ಮೊಮ್ಮಗಳು ಡಿಸೆಂಬರ್ ತಿಂಗಳ ಹಾಳೆಯನ್ನು ತಿರುವುತ್ತ, ಆಗುಂಬೆಯಲ್ಲಿ ಅಜ್ಜಿಗೆ ಕೆಳಅಂತಸ್ತಿನ ಕೋಣೆ ಸಿಕ್ಕುವುದೇ ಎಂದು ತಾಯಿಯನ್ನು ಕೇಳಿದಳು. ಕೆಳಗಿನ ಬರ್ತಿನಲ್ಲಿ ಅಜ್ಜಿ ಆಗಲೇ ನಿದ್ದೆ ಹೋಗಿದ್ದರು.