ಎಷ್ಟು ಕೊಡುತ್ತೆ?

ಹೊಸ ಕಾರು ಮನೆಮುಂದೆ ನಿಂತರೆ ನಮ್ಮ ಭದ್ರಾವತಿಯಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಕೊಡುತ್ತೆ? ಹಸು ಕೊಂಡವನನ್ನೂ ಹೀಗೇ ಕೇಳುತ್ತೇವೆ. ಆದರೆ ಹಸುವಿನ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಮೇವೇನು, ಕರೆಯುವವರು ಯಾರು ಎಂದು ಮುಂದುವರಿಯುತ್ತದೆ. ಕಾರಿನ ವಿಷಯದಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. ಈ ಅರ್ಧ ಪ್ರಶ್ನೆಯ ಸಂದಿಯಲ್ಲಿ ಈಗೊಂದು ಬಟನ್ ನುಸುಳಿಕೊಂಡಿದೆ: ಅಡಾಪ್ಟಿವ್ ಕ್ರೂಸ್ ಕಂಟ್ರೋಲ್. ಒತ್ತಿದರೆ ಸಾಕು, ಮೈಲೇಜು ತಾನಾಗಿ ಏರುತ್ತದೆ ಎಂದು ಮಾರುವವರು ಹೇಳುತ್ತಾರೆ, ಕೊಂಡವರು ಅದನ್ನೇ ಒಪ್ಪಿಸುತ್ತಾರೆ. ನನ್ನ ಜಗಳ ಯಂತ್ರದ ಜೊತೆಗಲ್ಲ, ಈ ಮಾತಿನ ಜೊತೆ.

ಕ್ರೂಸ್ ಕಂಟ್ರೋಲ್ ಹುಟ್ಟಿದ ಕತೆ ಸೊಗಸಾಗಿದೆ. ಅಮೆರಿಕದ ರಾಲ್ಫ್ ಟೀಟರ್ ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಇಂಜಿನಿಯರ್. ಮಾತಾಡುವಾಗ ನಿಧಾನಿಸಿ, ಕೇಳಿಸಿಕೊಳ್ಳುವಾಗ ಜೋರು ಮಾಡುತ್ತಿದ್ದ ತನ್ನ ವಕೀಲರ ಡ್ರೈವಿಂಗಿಗೆ ರೋಸಿಹೋಗಿ ಅವರು ಇದನ್ನು ಯೋಚಿಸಿದರಂತೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಿಗೆ ಬಂತು. ಅಡಾಪ್ಟಿವ್ ಎಂಬುದು ಅದರ ಮೊಮ್ಮಗು. ರೇಡಾರ್ ಅಥವಾ ಕ್ಯಾಮೆರಾದಿಂದ ಮುಂದಿನ ವಾಹನವನ್ನು ನೋಡುತ್ತದೆ. ಅದು ಹತ್ತಿರವಾದರೆ ಇಂಜಿನ್ ಸಡಿಲಿಸುತ್ತದೆ, ಸಾಲದಿದ್ದರೆ ಬ್ರೇಕ್ ಹಾಕುತ್ತದೆ, ದಾರಿ ಬಿಟ್ಟೊಡನೆ ಮತ್ತೆ ನೀವು ಹೇಳಿದ ವೇಗಕ್ಕೆ ಏರುತ್ತದೆ.

ಇದನ್ನು ಭದ್ರಾವತಿ–ಶಿವಮೊಗ್ಗ ರಸ್ತೆಗೆ ತನ್ನಿ. ಸುಮಾರು 20 ಕಿಲೋಮೀಟರ್; ವಾರಕ್ಕೆ ಐದು ದಿನ ನಾನು ಓಡಾಡುವ ದಾರಿ. ಮಾಚೇನಹಳ್ಳಿಯಲ್ಲಿ ಪಾಳಿ ಬಿಟ್ಟ ಹೊತ್ತು, ಮುಂದೆ ಖಾಸಗಿ ಬಸ್ಸು. ನಿದಿಗೆಯ ಹತ್ತಿರ ರಸ್ತೆ ಪಕ್ಕ ಒಬ್ಬಾಕೆ ಕೈ ಎತ್ತುತ್ತಾಳೆ. ಬಸ್ಸು ನಿಂತೇ ನಿಲ್ಲುತ್ತದೆ ಎಂದು ಈ ದಾರಿಯಲ್ಲಿ ಓಡಾಡಿದ ಯಾರಿಗೂ ಗೊತ್ತು, ಆ ಕ್ಷಣವೇ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಾರೆ. ರೇಡಾರಿಗೆ ಆ ಕೈ ಲೆಕ್ಕಕ್ಕಿಲ್ಲ. ಬಸ್ಸು ನಿಧಾನವಾದ ಮೇಲಷ್ಟೇ ಅದಕ್ಕೆ ಸುದ್ದಿ ಮುಟ್ಟುತ್ತದೆ. ಅಲ್ಲಿಯವರೆಗೆ ಪೆಟ್ರೋಲ್ ಉರಿಸುತ್ತಲೇ ಇದ್ದು, ಆಮೇಲೆ ಬ್ರೇಕ್ ಒತ್ತುತ್ತದೆ.

ಲೆಕ್ಕ ಹಾಕೋಣ. 1,500 ಕಿಲೋ ತೂಕದ ಕಾರು 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನೆಯಲ್ಲಿರುವ ಶಕ್ತಿ ಸುಮಾರು 208 ಕಿಲೋಜೂಲ್. ಬ್ರೇಕ್ ಒತ್ತಿ ನಿಲ್ಲಿಸಿದರೆ ಇದಿಷ್ಟೂ ಶಾಖವಾಗಿ ಗಾಳಿಗೆ ಹೋಯಿತು. ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗ ಚಕ್ರ ತಲುಪುತ್ತದೆಂದು ಹಿಡಿದರೆ, ಮತ್ತೆ ಅದೇ ವೇಗಕ್ಕೆ ಏರಲು ಸುಮಾರು 25 ಮಿಲಿಲೀಟರ್ ಬೇಕು. ಐದು ಟೀ ಚಮಚ. ಹತ್ತು ಸಲ ಹೀಗಾದರೆ ಕಾಲು ಲೀಟರ್, ಅದೂ ಒಟ್ಟು ಲೀಟರಿನಷ್ಟೇ ಕುಡಿಯುವ ದಾರಿಯಲ್ಲಿ. ಬದಲಿಗೆ ದೂರದಿಂದಲೇ ಕಾಲು ತೆಗೆದು ಗೇರಿನಲ್ಲೇ ಉರುಳಲು ಬಿಟ್ಟರೆ ಇಂದಿನ ಇಂಜಿನ್‌ಗಳು ಇಂಧನದ ಹರಿವನ್ನೇ ಕಡಿದುಬಿಡುತ್ತವೆ. ಹಂಪ್‌ಗಳ ಕತೆಯೂ ಇದೇ. (ಶಾಲೆಯ ಮುಂದಿನ ಹಂಪ್ ಇರಲಿ, ಅದಕ್ಕೆ ಐದು ಚಮಚ ಕೊಡೋಣ.)

ನಾಲ್ಕು ಪಥದ ಖಾಲಿ ಹೆದ್ದಾರಿಯಲ್ಲಿ ಉಳಿಯುತ್ತದಲ್ಲ ಎನ್ನಬಹುದು. ಉಳಿಯುತ್ತದೆ. ಕಾಲು ನಿಲ್ಲದೆ 80ಕ್ಕೂ 110ಕ್ಕೂ ಕುಣಿಯುವವರು 80ಕ್ಕೆ ಕಟ್ಟಿಹಾಕಿದರೆ ಖಂಡಿತ ಉಳಿಯುತ್ತದೆ. ಆದರೆ ಉಳಿಸಿದ್ದು 80 ಎಂಬ ಅಂಕಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 60ರಿಂದ 80ಕ್ಕೆ ಹೋದರೆ ಹತ್ತಿರಹತ್ತಿರ ಒಂದೂಮುಕ್ಕಾಲು ಪಟ್ಟು. ಅದೇ ಬಟನ್ನನ್ನು 110ಕ್ಕೆ ಒತ್ತಿ ಕೂತರೆ ಯಂತ್ರ ಚೂರೂ ಬೇಸರಿಸದೆ ನಿಮ್ಮ ಟ್ಯಾಂಕ್ ಬರಿದು ಮಾಡಿಕೊಡುತ್ತದೆ.

ಒಂದೇ ಹದದಲ್ಲಿ ಉರಿದರೆ ಇಂಧನ ಉಳಿಯುತ್ತದೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. 1923ರಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದಾಗ ಅದರ ಕುಲುಮೆಗೆ ಹಾಕಿದ್ದು ಮಲೆನಾಡಿನ ಮರಗಳ ಇದ್ದಿಲು. ಊದುಕುಲುಮೆಯನ್ನು ಆರಿಸಿ ಮತ್ತೆ ಹೊತ್ತಿಸುವುದು ದುಬಾರಿ ಕೆಲಸ. ಹಗಲಿರುಳು ಪಾಳಿಯವರು ಅದನ್ನು ಕಾದು ಕೂರಬೇಕಿತ್ತು. ಆ ಕಾಯುವಿಕೆಗೆ ಸಂಬಳವಿತ್ತು, ಅದೊಂದು ಕಸುಬು ಎಂಬ ಮರ್ಯಾದೆಯೂ ಇತ್ತು.

ನನಗೆ ಸಿಟ್ಟು ಬರುವುದು ಇಲ್ಲೇ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಕೆಎಂಪಿಎಲ್ ಎಂಬುದು ದಿನದ ಮಾತು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಚಾಲಕರನ್ನು ಕೇಳುತ್ತಾರೆ. ಬಸ್ಸು ಅದೇ, ರಸ್ತೆ ಅದೇ, ಚಾಲಕ ಬದಲಾದರೆ ಅಂಕಿ ಬದಲಾಗುತ್ತದೆ. ಅಂದರೆ ಬಸ್ಸಿನವನಿಂದ ಕಸುಬು ಎಂದು ವಸೂಲಿ ಮಾಡುವುದನ್ನೇ ಕಾರಿನವನಿಗೆ ಸೌಲಭ್ಯ ಎಂದು ಮಾರುತ್ತಿದ್ದೇವೆ. ಮೇಲಿನ ಮಾಡೆಲ್‌ಗೆ ಒಂದು ಲಕ್ಷ ಹೆಚ್ಚು ಕೊಟ್ಟಿರಿ ಎನ್ನಿ. ಲೀಟರಿಗೆ 100 ರೂಪಾಯಿಯಾದರೆ ಅದು ಸಾವಿರ ಲೀಟರ್. ಬಟನ್ ಶೇಕಡಾ 10ರಷ್ಟು ಉಳಿಸುತ್ತದೆಂದು ಧಾರಾಳವಾಗಿ ಒಪ್ಪಿಕೊಂಡರೂ ಹತ್ತು ಸಾವಿರ ಲೀಟರ್ ಉರಿಸಬೇಕು. ಲೀಟರಿಗೆ 15ರಂತೆ ಒಂದೂವರೆ ಲಕ್ಷ ಕಿಲೋಮೀಟರ್. ಸುರಕ್ಷತೆಗೆಂದು, ಕಾಲುನೋವಿಗೆಂದು ಕೊಳ್ಳುವವರು ಕೊಳ್ಳಲಿ. ಆ ಕಾರಣಗಳು ಪ್ರಾಮಾಣಿಕವಾಗಿವೆ.

ಒಪ್ಪದವರು ಒಂದು ಕೆಲಸ ಮಾಡಬಹುದು. ಟ್ಯಾಂಕ್ ಕಂಠಮಟ್ಟ ತುಂಬಿಸಿ, ಒಂದು ತಿಂಗಳು ಬಟನ್ ಒತ್ತಿ, ಇನ್ನೊಂದು ತಿಂಗಳು ಕಾಲನ್ನು ನಂಬಿ ಮಾಚೇನಹಳ್ಳಿ ದಾಟಿ ಬನ್ನಿ. ಡ್ಯಾಶ್‌ಬೋರ್ಡಿನ ಅಂಕಿ ಬೇಡ, ಬಂಕಿನ ಬಿಲ್ಲು ತನ್ನಿ.