ಗೆಗೆನ್‌ಪ್ರೆಸ್ ಒಂದೇ ಸಾಕೇ?

ನಮ್ಮಲ್ಲಿ ಅನೇಕರು ಬಿಡುವಿನಲ್ಲಿ ಆಡುವ ‘ಫುಟ್‌ಬಾಲ್ ಮ್ಯಾನೇಜರ್’ ಗೇಮ್‌ನಲ್ಲಿ ನಾವು ಆಟಗಾರರಲ್ಲ, ಕೋಚ್‌ಗಳು. ತಂಡ ಆರಿಸುವುದು, ತಂತ್ರ ಹೂಡುವುದು ನಮ್ಮ ಕೆಲಸ. ಆದರೆ ಹೊಸ ತಂಡ ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ: ಪಟ್ಟಿಯಿಂದ ‘ಗೆಗೆನ್‌ಪ್ರೆಸ್’ ಆರಿಸಿ ಪಂದ್ಯ ಶುರು ಮಾಡುವುದು. ತಂತ್ರ ಕೆಟ್ಟದ್ದಲ್ಲ. ಅದನ್ನು ಎಲ್ಲ ತಂಡಕ್ಕೂ, ಎಲ್ಲ ಪಂದ್ಯಕ್ಕೂ, ತೊಂಬತ್ತು ನಿಮಿಷವೂ ಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಚೆಂಡು ಕಳೆದುಕೊಂಡ ಕ್ಷಣವೇ, ಹಿಂದಕ್ಕೆ ಓಡದೆ, ಅಲ್ಲೇ ಎದುರಾಳಿಯ ಮೇಲೆ ಮುಗಿಬಿದ್ದು ಅದನ್ನು ಮರಳಿ ಕಸಿಯುವುದೇ ಗೆಗೆನ್‌ಪ್ರೆಸ್. ಜರ್ಮನಿಯ ಕೋಚ್ ಯುರ್ಗೆನ್ ಕ್ಲಾಪ್ ಇದನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಈ ಆಟದಿಂದಲೇ ಡಾರ್ಟ್‌ಮಂಡ್ 2011 ಮತ್ತು 2012ರಲ್ಲಿ ಬುಂಡೆಸ್‌ಲಿಗಾ ಗೆದ್ದಿತು. ಲಿವರ್‌ಪೂಲ್ 2020ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿತು.

ಇದರ ಬಲ ಸ್ಪಷ್ಟ. ಚೆಂಡು ಎದುರಾಳಿಯ ಗೋಲಿನ ಹತ್ತಿರವೇ ಸಿಗುತ್ತದೆ. ಆಗ ಅವರ ರಕ್ಷಣೆ ಚದುರಿರುವುದರಿಂದ ಎರಡೇ ಪಾಸ್‌ನಲ್ಲಿ ಗೋಲಾಗಬಹುದು. ದೊಡ್ಡ ತಾರೆಯರಿಲ್ಲದ ತಂಡವೂ ಓಟದ ಬಲದಿಂದ ಗೆಲ್ಲಬಹುದು.

ದೌರ್ಬಲ್ಯ ಹುಟ್ಟುವುದೂ ಇದೇ ಬಲದಿಂದ. ರಕ್ಷಣಾ ಸಾಲು ಮೈದಾನದ ನಡುವಿನವರೆಗೆ ಬಂದು ನಿಂತರೆ ಅದರ ಬೆನ್ನಹಿಂದೆ ಖಾಲಿ ಜಾಗ. ಒಂದು ಉದ್ದ ಪಾಸ್, ಒಬ್ಬ ವೇಗದ ಸ್ಟ್ರೈಕರ್, ಅಷ್ಟೇ ಸಾಕು. ಎಪ್ಪತ್ತನೇ ನಿಮಿಷದ ಹೊತ್ತಿಗೆ ಕಾಲುಗಳು ಸೋಲುತ್ತವೆ. ವಾರಕ್ಕೆರಡು ಪಂದ್ಯವಾದರೆ ಗಾಯಗಳು ಹೆಚ್ಚುತ್ತವೆ. ಎದುರಾಳಿ ಚೆಂಡನ್ನು ನಮಗೇ ಬಿಟ್ಟು ಗೋಲಿನ ಮುಂದೆ ಗುಂಪಾಗಿ ನಿಂತರೆ ಕಸಿಯಲು ಏನೂ ಉಳಿಯುವುದಿಲ್ಲ. ಇದು ಗೇಮ್‌ನ ದೋಷವಲ್ಲ. ಗಾಯಾಳುಗಳು ಹೆಚ್ಚಿದ್ದ 2014-15ರ ಸೀಸನ್‌ನಲ್ಲಿ ಕ್ಲಾಪ್ ಅವರ ಡಾರ್ಟ್‌ಮಂಡ್ ತಂಡವೇ ಫೆಬ್ರವರಿಯಲ್ಲಿ ಪಟ್ಟಿಯ ಕೊನೆಯ ಸ್ಥಾನದಲ್ಲಿತ್ತು. ಬಳಿಕ ಚೇತರಿಸಿಕೊಂಡು ಏಳನೆಯದಾಗಿ ಮುಗಿಸಿತು.

ಹಾಗಾದರೆ ಏನು ಮಾಡಬೇಕು? ಮೊದಲು ನಮ್ಮ ಆಟಗಾರರನ್ನು ನೋಡಬೇಕು. ಪ್ರತಿಯೊಬ್ಬನ ಸ್ಟ್ಯಾಮಿನಾ, ವರ್ಕ್ ರೇಟ್, ವೇಗಕ್ಕೆ 20ರಲ್ಲಿ ಎಷ್ಟು ಅಂಕವಿದೆ ಎಂದು ಗೇಮ್ ತೋರಿಸುತ್ತದೆ. ಡಿಫೆಂಡರ್‌ಗಳು ನಿಧಾನವಾಗಿದ್ದರೆ ಸಾಲನ್ನು ಸ್ವಲ್ಪ ಹಿಂದಕ್ಕೆ ಇಡೋಣ. ಮೂರು ತಂತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಲು ಗೇಮ್ ಅವಕಾಶ ಕೊಡುತ್ತದೆ. ಒಂದನ್ನಾದರೂ ನಿಧಾನವಾಗಿ ಚೆಂಡು ಉಳಿಸಿಕೊಳ್ಳುವುದಕ್ಕೆ ಮೀಸಲಿಡೋಣ. ಎರಡು ಗೋಲು ಮುಂದಿರುವಾಗ ಒತ್ತಡ ತಗ್ಗಿಸಿ, ದಣಿದವರನ್ನು ಬದಲಿಸಿದರೆ ಮುಂದಿನ ಪಂದ್ಯಕ್ಕೂ ತಂಡ ಉಳಿಯುತ್ತದೆ.

ಯಾರೋ ಸಿದ್ಧಪಡಿಸಿದ ತಂತ್ರವನ್ನು ಹಾಕಿ ಗೆಲ್ಲಬಹುದು. ಆದರೆ ಸೋಲತೊಡಗಿದಾಗ ಯಾಕೆ ಸೋಲುತ್ತಿದ್ದೇವೆ ಎಂಬುದು ಗೊತ್ತಾಗುವುದಿಲ್ಲ. ಮುಂದಿನ ಪಂದ್ಯಕ್ಕೆ ಮೊದಲು ಗೆಳೆಯರು ಐದು ನಿಮಿಷ ತಮ್ಮ ತಂಡದ ಪಟ್ಟಿಯನ್ನು ಓದಲಿ. ಆಮೇಲೆ ತಂತ್ರ ಆರಿಸಲಿ.